ಏರುದಾರಿಗೆ ಗೇರ್ ಆರಿಸುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಥಿಯೆಲ್ಲ ಮುಗಿದ ಮೇಲೆ. ಪಾಪಿರೆಡ್ಡಿಪಟ್ಟಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಸೇಲಂ ಕಡೆಯ ಸಂಬಂಧಿಕರೊಬ್ಬರು, ಮಗಳ ಮದುವೆಯ ವಿಷಯ ಮಾತಾಡುತ್ತ ಆಡುತ್ತ, "ಅಂದಂಗೆ ಆ ಸೈಕಲ್ ಮಾವ ಓಗ್ಬುಟ್ರು. ನಿಂಗೆ ಯಾರೂ ಯೋಳ್ಲಿಲ್ವಾ?" ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು, ಹತ್ತಿಕೊಂಡು ಹೋದರು. ನನ್ನ ಬಸ್ಸೂ ಬಂತು. ನಾನು ಹತ್ತಲಿಲ್ಲ. ಅದರ ಹಿಂದೆ ಬಂದದ್ದನ್ನೂ ಹತ್ತಲಿಲ್ಲ.

ಇಷ್ಟು ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮ ಬೀದಿಯಲ್ಲೇ ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಮಾವ.

ನಾನು ಸೇಲಂನ ಗುಗೈಯಲ್ಲಿ ಕೈಮಗ್ಗದ ಮನೆಯಲ್ಲಿ ಹುಟ್ಟಿದವಳು. ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿಸಿದ್ದು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ನನ್ನ ತಾಯಿ. ತೊಂಬತ್ತರ ದಶಕದ ಮೊದಮೊದಲಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ, ನನಗೆ ಗ್ರಾಮ ಆರೋಗ್ಯ ನರ್ಸ್ ಕೆಲಸ ಸಿಕ್ಕಿತು. ಊರು ಪಾಪಿರೆಡ್ಡಿಪಟ್ಟಿಯಿಂದಾಚೆ, ಬೆಟ್ಟದ ಬುಡದಲ್ಲಿ. ನನ್ನ ಪಾಲಿಗೆ ಬಂದದ್ದು ಆರು ಹಳ್ಳಿ. ಅವುಗಳಲ್ಲಿ ಮೂರು ಏರಿನ ಮೇಲೆ. ಮಕ್ಕಳಿಗೆ ಹಾಕುವ ಲಸಿಕೆಯನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಹೋಗಬೇಕು. ಐಸ್ ಕರಗುವುದರೊಳಗೆ ಮುಟ್ಟಬೇಕು. ಬಸ್ಸು ದಿನಕ್ಕೊಂದು, ಅದೂ ಬಂದರೆ ಬಂತು. ನಡೆದು ಹೋದರೆ ಮಧ್ಯಾಹ್ನ. ನಮ್ಮಪ್ಪ ಹೇಳಿದರು, ಸೈಕಲ್ ತಗೋ, ಆದರೆ ಅಂಗಡಿಯಿಂದ ನೇರ ತಗೊಂಡು ಹೋಗಬೇಡ, ಮೊದಲು ಆ ಮನುಷ್ಯನಿಗೆ ತೋರಿಸು.

ಅವರ ಅಂಗಡಿ ಎರಡು ಮಗ್ಗದ ಮನೆಗಳ ಮಧ್ಯೆ ಸಿಕ್ಕಿಕೊಂಡಂತಿದ್ದ ಒಂದು ಓಣಿ. ಬೆಳಗ್ಗೆಯಿಂದ ಸಂಜೆಯವರೆಗೆ ಎರಡೂ ಕಡೆ ಮಗ್ಗದ ಸದ್ದು. ಅದರ ನಡುವೆ ಅವರು ಕುಕ್ಕರಗಾಲಲ್ಲಿ ಕೂತು, ತಲೆಕೆಳಗು ಮಾಡಿದ ಸೈಕಲ್ಲಿನ ಪೆಡಲನ್ನು ಕೈಯಿಂದ ತಿರುಗಿಸುತ್ತಿದ್ದರು. ಹಿಂದಿನ ಚಕ್ರದ ಒಂದು ಕಡ್ಡಿಗೆ ಕೆಂಪು ರೇಷ್ಮೆ ಎಳೆ ಕಟ್ಟಿರುತ್ತಿತ್ತು. ಪೆಡಲ್ ಒಂದು ಸುತ್ತು ಬಂದರೆ ಆ ಎಳೆ ಎಷ್ಟು ಸುತ್ತು ಬರುತ್ತದೆ ಎಂದು ಎಣಿಸುತ್ತಿದ್ದರು. ತೆಳ್ಳನೆಯ ಆಳು. ಕೂದಲು ಆಗಲೇ ಪೂರ್ತಿ ಬೆಳ್ಳಗಾಗಿತ್ತು, ವಯಸ್ಸು ಐವತ್ತು ದಾಟಿರಲಿಲ್ಲ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದರು.

"ಅಣ್ಣಾ, ನಾನು ಮೂಲೆಮನೆ ನೇಕಾರರ ಮಗಳು," ಎಂದೆ.

"ಅಣ್ಣ ಅನ್ಬ್ಯಾಡ. ಮಾವ ಅನ್ನು." ಆಮೇಲೆ ನನ್ನ ಹೊಸ ಸೈಕಲ್ಲಿನ ಕಡೆ ನೋಡಿ, "ಎಲ್ಲಿ ಇಳೀತೀಯ?" ಎಂದರು.

"ಪಾಪಿರೆಡ್ಡಿಪಟ್ಟಿ ಬಸ್ ಸ್ಟ್ಯಾಂಡಲ್ಲಿ."

"ಅದಲ್ಲ ಅಮ್ಮಣ್ಣಿ. ಏರಲ್ಲಿ ಎಲ್ಲಿ ಸೈಕಲ್ ಇಳ್ದು ತಳ್ತೀಯ?"

ಆ ಕಾಲದಲ್ಲಿ ಹೆಣ್ಣುಮಕ್ಕಳು ಸೈಕಲ್ ಕಲಿಯುವುದೇ ಒಂದು ಸಂಭ್ರಮವಾಗಿತ್ತು. ನಾನೂ ಇನ್ನೊಬ್ಬರಿಂದ ಎರವಲು ತಂದ ಸೈಕಲ್ಲಿನಲ್ಲಿ ಒಂದು ತಿಂಗಳು ಆ ದಾರಿ ತುಳಿದಿದ್ದೆ. ಬಿಂಕ ಇತ್ತು. "ನಾನು ಎಲ್ಲೂ ಇಳಿಯಲ್ಲ," ಎಂದೆ.

ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. "ಇಳಿಯಾದು ತಪ್ಪಲ್ಲ. ಎಲ್ರೂ ಇಳೀತಾರೆ. ಆದ್ರೆ ನೀನು ಸುಳ್ಳು ಯೋಳಿದ್ರೆ ನಾನು ತಪ್ಪು ಗೇರ್ ಆಕ್ತೀನಿ. ಆಮೇಲೆ ನೀನು ಅದನ್ನ ತುಳೀಬೇಕು."

ಹಾಗೆ ಹೇಳಿದ ರೀತಿಯಲ್ಲಿ ಗದರಿಕೆ ಇರಲಿಲ್ಲ. ಬೇಡಿಕೊಂಡಂತೆ ಇತ್ತು. ನಾನು ನಿಜ ಹೇಳಿದೆ. ಎರಡನೆಯ ಹಳ್ಳಿಗೆ ಮುಂಚೆ ಕಲ್ಲುಬಾವಿಯ ಹತ್ತಿರ ಒಂದು ಸಲ, ಮೂರನೆಯದಕ್ಕೆ ಹೋಗುವಾಗ ಪೂರ್ತಿ ಅರ್ಧ ಮೈಲಿ.

ಅವತ್ತು ಅವರು ನನಗೆ ಕಲಿಸಿದ ಲೆಕ್ಕ ಈಗಲೂ ನೆನಪಿದೆ. ಪೆಡಲಿನ ಚಕ್ರಕ್ಕೆ ನಲವತ್ನಾಲ್ಕು ಹಲ್ಲು, ಹಿಂದಿನ ಫ್ರೀವೀಲಿಗೆ ಹದಿನೆಂಟು. ಕಾಲು ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಎರಡೂವರೆ ಸುತ್ತು ಹತ್ತಿರ ಹೋಗುತ್ತದೆ. ಸಮನೆಲದಲ್ಲಿ ಅದು ಚೆನ್ನ. ಏರಿನಲ್ಲಿ ಆ ಎರಡೂವರೆ ಸುತ್ತಿನ ಭಾರವೆಲ್ಲ ಒಂದೇ ತುಳಿತಕ್ಕೆ ಬಂದು ಕೂರುತ್ತದೆ. ಹಿಂದೆ ಹಲ್ಲು ಹೆಚ್ಚಿಸಬೇಕು, ಇಲ್ಲ ಮುಂದೆ ಕಡಿಮೆ ಮಾಡಬೇಕು. ನನ್ನ ಸೈಕಲ್ಲಿಗೆ ಅವರು ಎರಡನ್ನೂ ಮಾಡಿದರು. ಹಿಂದೆ ಇಪ್ಪತ್ತೆರಡು. ಮುಂದೆ, ಮಕ್ಕಳ ಸೈಕಲ್ಲಿನ ಮೂವತ್ತಾರು ಹಲ್ಲಿನ ಚಕ್ರವನ್ನು ಲೇತಿನವರ ಹತ್ತಿರ ಒಯ್ದು ನನ್ನ ಪೆಡಲ್ ಕಡ್ಡಿಗೆ ಕೂರಿಸಿಕೊಂಡು ಬಂದರು.

"ಊರೊಳಗೆ ಇದು ನಿಧಾನ ಓಯ್ತದೆ. ಕಾಲು ಸುಮ್ನೆ ಗಿರಗಿರ ಅನ್ತದೆ, ನೋಡಿದೋರು ನಗ್ತಾರೆ," ಎಂದರು. "ನಗ್ಲಿ. ನಾಕು ಜನ ನೋಡೋ ರೋಡಿಗೆ ಗೇರ್ ಆರಿಸ್ಬಾರ್ದು ಅಮ್ಮಣ್ಣಿ. ಯಾರೂ ಇಲ್ದೇ ಇರೋ ತಿರುವಿಗೆ ಆರಿಸ್ಬೇಕು."

ಇಷ್ಟಕ್ಕೇ ಅವರಿಗೆ ಸಮಾಧಾನವಾಗಲಿಲ್ಲ. ಸೈಕಲ್ ತುಳಿಯುವವರ ಹಿಂದೆ ಒಂದು ಸಲ ತಾವೂ ಆ ದಾರಿಯಲ್ಲಿ ಹೋಗಿ ನೋಡಬೇಕು, ಅದು ಅವರ ಕ್ರಮ. ಹಾಲಿನವರ ಹಿಂದೆ, ಪೋಸ್ಟಿನವರ ಹಿಂದೆ, ಬುಟ್ಟಿ ಹೊತ್ತು ಮಾರುವವರ ಹಿಂದೆ ಹಾಗೆ ಹೋಗಿದ್ದಾರೆ ಎಂದು ನಮ್ಮಪ್ಪ ಹೇಳಿದ್ದರು. ಒಂದು ಭಾನುವಾರ ಬೆಳಗ್ಗೆ ನಾವಿಬ್ಬರೂ ಸೇಲಂನಿಂದ ಹೊರಟೆವು. ಮಂಜವಾಡಿ ಕಣಿವೆ ಹತ್ತಿ ಆಚೆ ಇಳಿದರೆ ಪಾಪಿರೆಡ್ಡಿಪಟ್ಟಿಯ ಸೀಮೆ. ದಾರಿಯುದ್ದಕ್ಕೂ ಅವರು ನನ್ನ ಹಿಂದೆ ಇಪ್ಪತ್ತು ಮಾರು ಬಿಟ್ಟು ಬರುತ್ತಿದ್ದರು. ನನ್ನ ಕಾಲು ಎಷ್ಟು ಸಲ ಸುತ್ತುತ್ತಿದೆ ಎಂದು ಬಾಯಲ್ಲೇ ಎಣಿಸುತ್ತಿದ್ದದ್ದು ಆಗಾಗ ಗಾಳಿಯಲ್ಲಿ ಕೇಳುತ್ತಿತ್ತು.

ಏರು ಶುರುವಾಯಿತು. ನನಗೆ ಆಶ್ಚರ್ಯವೆನ್ನುವಷ್ಟು ಹಗುರಾಗಿ ಸೈಕಲ್ ಹತ್ತಿತು. ಒಂದು ತಿರುವು ದಾಟಿ ಖುಷಿಯಿಂದ ಹಿಂತಿರುಗಿ ನೋಡಿದರೆ ಅವರು ಇರಲಿಲ್ಲ. ಇಳಿದು ಕಾದೆ. ಸ್ವಲ್ಪ ಹೊತ್ತಿಗೆ ಬಂದರು, ಸೈಕಲ್ ತಳ್ಳಿಕೊಂಡು. ಅಲ್ಲಿ ಏರು ಅಂಥ ಕಡಿದೇನಲ್ಲ, ನನಗಿಂತ ಅವರ ಕಾಲು ಗಟ್ಟಿ. ರಸ್ತೆಯ ಎಡತುದಿಯ ಕಲ್ಲುಗಳಿಗೆ ತಾಗಿಕೊಂಡಂತೆ, ತಲೆ ಬಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ತಿರುವು ಮುಗಿದ ಮೇಲೆ ಮತ್ತೆ ಹತ್ತಿಕೊಂಡರು. ಅವರ ಮುಖ ನೋಡಿದ ಮೇಲೆ ಯಾಕೆಂದು ಕೇಳುವ ಹಾಗಿರಲಿಲ್ಲ.

ಮೇಲೆ ಒಂದು ಟೀ ಅಂಗಡಿ. ಅವರು ನೀರು ತುಂಬಿಸಿಕೊಳ್ಳಲು ಹಿಂದಕ್ಕೆ ಹೋದಾಗ ಅಂಗಡಿಯ ಹೆಂಗಸು ನನಗೆ ಮೆಲ್ಲಗೆ ಹೇಳಿದಳು. ಆಕೆಯೂ ಧರ್ಮಪುರಿ ಕಡೆಯ ಕನ್ನಡದವಳೇ. "ಅವ್ರ ತಮ್ಮ ಆ ತಿರುವಲ್ಲೇ ಸತ್ತಿದ್ದು. ಅತ್ತು ವರ್ಸದ ಮ್ಯಾಲಾಯ್ತು. ಸೇಲಂನಿಂದ ಬನ್ನು, ಬ್ರೆಡ್ಡು ತಂದು ಈ ಕಡೆ ಅಂಗ್ಡಿಗೆಲ್ಲ ಆಕೋನು. ರೊಂಬ ನಗುಮುಖ. ಗೇರ್ ಬಿಗಿ ಆಗಿ ಏರಲ್ಲಿ ಆವಿನಂಗೆ ಆ ಕಡೆ ಈ ಕಡೆ ಓಡಿಸ್ತಿದ್ದ, ಲಾರಿ ಬಂದು ಒಡೀತು ಅಂತಾರೆ. ಲಾರಿ ಸಿಗ್ಲೇ ಇಲ್ಲ. ಗೇರ್ ಆಕಿದ್ದು ಇವ್ರೇ."

ಏರಿನಲ್ಲಿ ಗೇರು ಭಾರವಾದಾಗ ನೇರ ಹತ್ತಲಾರದೆ ರಸ್ತೆಗೆ ಅಡ್ಡಡ್ಡ ತಿರುಗಿಸಿಕೊಂಡು ಹತ್ತುವುದನ್ನು ನಾನೂ ಮಾಡಿದ್ದೆ. ಅದರ ಅಪಾಯ ನನಗೆ ಅವತ್ತು ಮೊದಲ ಸಲ ಮೈಗೆ ತಾಗಿತು. ನಮ್ಮಪ್ಪನನ್ನು ಕೇಳಿದಾಗ ಉಳಿದದ್ದು ಹೇಳಿದರು. ತಮ್ಮನಿಗೆ ಇವರಿಗಿಂತ ಹನ್ನೆರಡು ವರ್ಷ ಕಡಿಮೆ. ಅಪ್ಪ ಇಲ್ಲದ ಮನೆಯಲ್ಲಿ ಇವರೇ ಎತ್ತಿ ಆಡಿಸಿದ್ದು. ಹಿಂದೆ ಹದಿನಾರು ಹಲ್ಲಿನ ಫ್ರೀವೀಲ್ ಬೇಕು, ಸಮದಲ್ಲಿ ಬಾಣದ ಹಾಗೆ ಹೋಗಬೇಕು ಎಂದು ಹಟ ಹಿಡಿದು ಹಾಕಿಸಿಕೊಂಡವನು ಆ ತಮ್ಮನೇ. ಅವನು ಹೋದ ಮೇಲೆ ಇವರು ಯಾರಿಗೂ ಕೇಳಿದ ಗೇರು ಹಾಕಿಕೊಟ್ಟಿಲ್ಲ. ಅಣ್ಣ ಎಂದು ಯಾರನ್ನೂ ಕರೆಯಗೊಟ್ಟಿಲ್ಲ.

ಆಗ ಪೇಟೆಗೆ ಗೇರ್ ಸೈಕಲ್ಲುಗಳು ಬಂದಿದ್ದವು. ಕಾಲೇಜಿನ ಹುಡುಗರು ಅವನ್ನು ತಂದು ಇವರ ಮುಂದೆ ನಿಲ್ಲಿಸುತ್ತಿದ್ದರು. ಇವರು ಹಿಂದಿನ ಐದು ಹಲ್ಲುಚಕ್ರಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿ, "ಐದ್ರಲ್ಲಿ ನಾಕು ಸಮಕ್ಕೇ ಐತೆ. ಏರಿಗೆ ಒಂದೇ, ಅದೂ ಸಾಲ್ದು," ಎನ್ನುತ್ತಿದ್ದರು. ಒಮ್ಮೆ ಏರ್ಕಾಡು ಬೆಟ್ಟ ಹತ್ತುವುದಕ್ಕೆ ಹೊರಟಿದ್ದ ಯುವಕನೊಬ್ಬ, ಮುಂದಿನದು ದೊಡ್ಡದೇ ಇರಲಿ, ಸಣ್ಣದು ಹಾಕಿಕೊಂಡರೆ ಜೊತೆಯವರು ಹೆಣ್ಣಿಗ ಅನ್ನುತ್ತಾರೆ ಎಂದ. ನಾನು ಅಲ್ಲೇ ಚೈನಿಗೆ ಎಣ್ಣೆ ಹಾಕಿಸಿಕೊಳ್ಳುತ್ತಿದ್ದೆ. ಮಾವ ಎದ್ದು ನಿಂತರು. ಅವರು ಹಾಗೆ ಎದ್ದು ನಿಂತು ಗಿರಾಕಿಯ ಮುಖ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಿಮ್ಮ ಮನೇಲಿ ಅಣ್ಣ ತಮ್ಮ ಇದಾರಾ?" ಎಂದರು.

"ಒಬ್ಬ ಅಣ್ಣ."

"ಅವ್ನ ಕರ್ಕೊಂಡ್ ಬಾ. ಅವನ ಎದುರಿಗೆ ಕೇಳು, ಆಕ್ತೀನಿ."

ಆ ಯುವಕ ನಗುತ್ತ ಹೋದ. ಮಾರನೆಯ ದಿನ ಒಬ್ಬನೇ ಬಂದು ಸಣ್ಣ ಚಕ್ರ ಹಾಕಿಸಿಕೊಂಡ.

ನನ್ನ ಸೈಕಲ್ ಆರು ವರ್ಷ ನನ್ನ ಹಳ್ಳಿಗಳ ಏರು ಹತ್ತಿತು. ಲಸಿಕೆಯ ಡಬ್ಬಿಯಲ್ಲಿ ಐಸ್ ಉಳಿದಿರುವಾಗಲೇ ನಾನು ಮೂರನೆಯ ಹಳ್ಳಿ ಮುಟ್ಟುತ್ತಿದ್ದೆ. ಒಮ್ಮೆ ಬಾಣಂತಿಯೊಬ್ಬಳಿಗೆ ರಕ್ತ ಹೋಗುತ್ತಿದೆ ಎಂದು ಕರೆ ಬಂದಾಗ, ಕಾಲು ನೆಲಕ್ಕಿಡದೆ ಹತ್ತಿ ಹೋಗಿ, ಅವಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಇಳಿಸಿಕೊಂಡು ಬಂದೆ. ಅವಳು ಉಳಿದಳು. ಮಾವನಿಗೆ ಇದನ್ನು ಹೇಳಿದೆ. ಅವರು, "ಎಷ್ಟು ಸಲ ಇಳ್ದೆ?" ಎಂದು ಕೇಳಿದರು. ಒಂದು ಸಲವೂ ಇಲ್ಲ ಎಂದೆ. ಈ ಸಲ ನಂಬಿದರು. ಕೈ ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದು ನನ್ನ ಚೈನಿಗೆ ಎಣ್ಣೆ ಬಿಟ್ಟರು.

ಇಲ್ಲಿಂದ ಮುಂದಿನದು ನನ್ನ ಕೈಯಿಂದ ಆದದ್ದು. ಒಳ್ಳೆಯದಾಯಿತೋ ಕೆಟ್ಟದಾಯಿತೋ ನನಗೆ ಇನ್ನೂ ತಿಳಿಯದು.

ನನ್ನ ಆರೋಗ್ಯ ಉಪಕೇಂದ್ರಕ್ಕೆ ಕ್ಷಯದ ಸೂಜಿ ಹಾಕಿಸಿಕೊಳ್ಳಲು ಒಬ್ಬ ಮುದುಕರು ಬರುತ್ತಿದ್ದರು. ಶಂಕಗಿರಿಯವರು, ಬಹಳ ಕಾಲ ಲಾರಿ ಓಡಿಸಿದವರು. ಹೆಂಡತಿ ತೀರಿಕೊಂಡ ಮೇಲೆ ನಾನು ಕೆಲಸಕ್ಕಿದ್ದ ಊರಿಗೆ ಕೊಟ್ಟಿದ್ದ ಮಗಳ ಮನೆಯಲ್ಲಿದ್ದರು. ತಮಿಳು ಬಿಟ್ಟು ಬೇರೆ ಮಾತು ಬಾರದು. ಬಂದರೆ ಮೂಲೆಯ ಬೆಂಚಿನ ಮೇಲೆ ಕೂತು ತಮ್ಮ ಸರದಿ ಬರುವವರೆಗೆ ಕೆಮ್ಮುತ್ತಿದ್ದರು. ಒಂದು ದಿನ ಮಗುವಿಗೆ ಲಸಿಕೆ ಹಾಕಿಸಲು ಬಂದ ಕನ್ನಡ ಮಾತಾಡುವ ಒಬ್ಬ ರೈತರ ಹೆಂಗಸಿಗೆ ನಾನು, "ಜ್ವರ ಬಂದ್ರೆ ಎದ್ರುಬ್ಯಾಡಿ, ಅತ್ತೆಗೆ ಯೋಳಿ, ಒದ್ದೆ ಬಟ್ಟೆ ಆಕಿ," ಎಂದು ಹೇಳುತ್ತಿದ್ದೆ. ಹೆಂಗಸು ಹೋದ ಮೇಲೆ ನೋಡಿದರೆ ಮುದುಕರು ಎದ್ದು ನಿಂತಿದ್ದರು.

"ಇದು ಯಾವ ಭಾಷೆ ಅಮ್ಮ?" ಎಂದು ತಮಿಳಿನಲ್ಲಿ ಕೇಳಿದರು. ಕನ್ನಡ ಎಂದೆ.

"ನನ್ನ ಹತ್ತಿರ ಈ ಭಾಷೆಯ ಒಂದು ಮಾತಿದೆ. ಬಹಳ ವರ್ಷದಿಂದ ಇದೆ. ಅರ್ಥ ಗೊತ್ತಿಲ್ಲ. ಹೇಳಲೇ?"

ಅವರು ಕಣ್ಣು ಮುಚ್ಚಿಕೊಂಡು, ಮಕ್ಕಳು ಪಾಠ ಒಪ್ಪಿಸಿದ ಹಾಗೆ ಅಲ್ಲ, ಯಾರೋ ಉಸಿರು ಸಾಲದವರು ಮಾತಾಡಿದ ಹಾಗೆ, ತಮ್ಮ ತಮಿಳು ನಾಲಿಗೆಯಲ್ಲಿ ಹೇಳಿದರು: "ಅಣ್ಣಂಗೆ ಯೋಳ್ಪ್ಯಾಡಿ. ಇಳ್ತೆ ಅಂತ ಯೋಳ್ಪ್ಯಾಡಿ."

ನನ್ನ ಕೈಯಲ್ಲಿ ಸೂಜಿ ಇತ್ತು. ತಟ್ಟೆಯಲ್ಲಿಟ್ಟೆ. ಎಲ್ಲಿ ಕೇಳಿದ್ದು ಎಂದೆ. ಮಂಜವಾಡಿ ಕಣಿವೆಯಲ್ಲಿ ಎಂದರು.

ಅವರು ಹೇಳಿದ್ದು ಇಷ್ಟು. ಅವತ್ತು ಬೆಳಗಿನ ಹೊತ್ತು ಅವರು ಸೇಲಂ ಕಡೆಗೆ ಇಳಿಯುತ್ತಿದ್ದರು. ಎರಡು ದಿನ ಸರಿಯಾಗಿ ನಿದ್ದೆಯಿರಲಿಲ್ಲ. ತಿರುವಿನಲ್ಲಿ ಲಾರಿ ತನ್ನ ಕಡೆ ಬಿಟ್ಟು ಬಲಕ್ಕೆ ಹೋಯಿತು. ಅಲ್ಲಿ, ರಸ್ತೆಯ ತುದಿಯ ಕಲ್ಲುಗಳ ಹತ್ತಿರ, ಒಬ್ಬ ಹುಡುಗ ಸೈಕಲ್ ಇಳಿದು ತಳ್ಳಿಕೊಂಡು ಬರುತ್ತಿದ್ದ. ಹಿಂದೆ ಬನ್ನಿನ ಪೆಟ್ಟಿಗೆ. ಲಾರಿ ನಿಲ್ಲಿಸಿ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆ ಮಾತು ಎರಡು ಸಲ ಹೇಳಿದ. ಆಮೇಲೆ ಏನೂ ಇಲ್ಲ. ದೂರದಲ್ಲಿ ಇನ್ನೊಂದು ಗಾಡಿಯ ಸದ್ದು ಕೇಳಿತು. ಇವರು ಹೆದರಿ ಲಾರಿ ಹತ್ತಿ ಹೊರಟುಬಿಟ್ಟರು.

"ಅಣ್ಣಾ ಅಂತ ನನ್ನನ್ನೇ ಕರೆದ," ಎಂದರು ಮುದುಕರು. "ಕೊಂದವನನ್ನು ಅಣ್ಣಾ ಅಂದ. ಅದೊಂದನ್ನೇ ಹಿಡ್ಕೊಂಡು ಇಷ್ಟು ದಿನ ಅನ್ನ ತಿಂದೆ. ಅರ್ಥ ಏನಮ್ಮ?"

ಸುಳ್ಳು ಹೇಳಬಹುದಿತ್ತು. ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. "ಅಣ್ಣನಿಗೆ ಹೇಳಬೇಡಿ. ನಾನು ಇಳಿದೆ ಅಂತ ಹೇಳಬೇಡಿ," ಎಂದು ತಮಿಳಿನಲ್ಲಿ ಹೇಳಿದೆ. ಅವರು ಬೆಂಚಿನ ಮೇಲೆ ಮೆಲ್ಲಗೆ ಕೂತರು. "ಹಾಗಾದರೆ ನನ್ನನ್ನಲ್ಲ," ಎಂದರು. ಅವತ್ತು ಸೂಜಿ ಹಾಕಿಸಿಕೊಳ್ಳದೆಯೇ ಹೋದರು.

ಎರಡು ತಿಂಗಳು ನಾನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಶನಿವಾರ ಮನೆಗೆ ಹೋದರೆ ಮಾವನ ಅಂಗಡಿಯ ಮುಂದೆ ಹಾಯದೆ ಸುತ್ತಿ ಹೋಗುತ್ತಿದ್ದೆ. ಸಾಯುವವನು ಹೇಳಬೇಡಿ ಎಂದು ಕೇಳಿಕೊಂಡ ಮಾತು. ಹೇಳಿದರೆ ಅವನ ಮಾತು ಮೀರಿದಂತೆ. ಹೇಳದಿದ್ದರೆ, ತಮ್ಮ ನಡುರಸ್ತೆಯಲ್ಲಿ ಹಾವಿನ ಹಾಗೆ ತೂರಾಡಿ ಸತ್ತ ಎಂದು ನಂಬಿಕೊಂಡೇ ಆ ಮನುಷ್ಯ ದಿನಾ ಸ್ಪ್ಯಾನರ್ ಹಿಡಿಯಬೇಕು. ಅವನು ಹಾಗೆ ಸಾಯಲಿಲ್ಲ, ಇಳಿದು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ, ತಪ್ಪು ಲಾರಿಯದು ಎಂದು ತಿಳಿದರೆ ಮನಸ್ಸು ಹಗುರಾದೀತು ಎಂದು ನಾನು ಎಣಿಸಿದೆ. ಕಡೆಗೆ ತೀರ್ಮಾನ ಮಾಡಿದ್ದು ನಾನಲ್ಲ, ಮುದುಕರೇ. ಆ ಅಣ್ಣ ನನಗೆ ಗೊತ್ತಿರುವವರು ಎಂದು ಒಮ್ಮೆ ಬಾಯಿಬಿಟ್ಟಿದ್ದೆ. "ಅವರನ್ನು ತೋರಿಸು. ನಾನು ಸಾಯುವ ಮುಂಚೆ ತೋರಿಸು," ಎಂದು ಪ್ರತಿ ಸೂಜಿಗೂ ಕೇಳುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಗ್ಗಗಳು ಊಟಕ್ಕೆ ನಿಂತಿದ್ದವು, ಓಣಿ ಸದ್ದಿಲ್ಲದೆ ಇತ್ತು. ಮಾವ ಒಂದು ಚೈನಿನ ಕೊಂಡಿ ಕಳಚುತ್ತಿದ್ದರು. ಮುದುಕರು ನಿಂತೇ ಎಲ್ಲ ಹೇಳಿದರು, ಏನೂ ಮುಚ್ಚದೆ. ಪೊಲೀಸ್ ಸ್ಟೇಷನ್ನಿಗೆ ಈಗಲೇ ಬರುತ್ತೇನೆ ಎಂದೂ ಅಂದರು. ಮಾವ ತಲೆಯೆತ್ತಲಿಲ್ಲ. ಕೈ ಮಾತ್ರ ನಿಂತಿತ್ತು.

"ಇಳಿದಿದ್ದನಾ?" ಎಂದು ತಮಿಳಿನಲ್ಲಿ ಕೇಳಿದರು.

"ಇಳಿದಿದ್ದ. ತುದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದ."

"ಅವನು ಆಡಿದ ಮಾತು ಹೇಳಿ."

ಮುದುಕರು ಕಣ್ಣು ಮುಚ್ಚಿ ಹೇಳಿದರು. ಅದೇ ಉಸಿರು, ಅದೇ ತಡವರಿಕೆ. ಮಾವ ಗೋಡೆಗೆ ಒರಗಿದರು. "ಇನ್ನೊಂದ್ಸಲ," ಎಂದರು. ಮುದುಕರು ಇನ್ನೊಂದು ಸಲ ಹೇಳಿದರು. ಮತ್ತೊಂದು ಸಲವೂ.

ಆಮೇಲೆ ಮಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದರು. ಅಷ್ಟುದ್ದದ ಮಾತನ್ನು ಅವರ ಬಾಯಲ್ಲಿ ನಾನು ಹಿಂದೆ ಕೇಳಿರಲಿಲ್ಲ.

"ಅವ್ನು ದಿನಾ ಇಳೀತಿದ್ದ ಅಮ್ಮಣ್ಣಿ. ನಂಗೆ ಗೊತ್ತಿತ್ತು. ಸೈಕಲ್ ತಳ್ಳೋರ ಚಪ್ಲಿ ಮುಂದ್ಗಡೆ ಸವೀತದೆ. ಕಾಲ್ಬೆರಳೂರಿ ತಳ್ತಾರಲ್ಲ. ಅವನ ಚಪ್ಲಿ ಅಂಗೇ ಇತ್ತು. ಮನೇಗೆ ಬಂದು ಇವತ್ತೂ ಇಳೀಲೇ ಇಲ್ಲಣ್ಣ ಅನ್ನೋನು. ನಾನು ಊಂ ಅನ್ನೋನು. ಅವಮಾನ ಆಗ್ಬಾರ್ದು ಅಂತ. ಇಪ್ಪತ್ತೆರಡರ ಫ್ರೀವೀಲ್ ಆಕಿದ್ರೆ ಗೊತ್ತಾಗೋಯ್ತು ಅಂತ ಮಕ ಸಣ್ಣ ಮಾಡ್ಕೊಳ್ತಾನೆ ಅಂತ ಆಕ್ಲಿಲ್ಲ. ಅವ್ನು ಸಾಯೋ ಮುಂಚಿನ ದಿನ ಸಾಯಂಕಾಲ ಏನೋ ತಮಾಷೆಗೆ ಬಾಯಿ ಜಾರ್ತು. ಇಳಿಯಲ್ಲ ಅಂತೀಯ, ಚಪ್ಲಿ ಬೇರೆ ಕತೆ ಯೋಳ್ತದಲ್ಲೋ ಅಂದೆ. ಅವನು ನಗ್ಲಿಲ್ಲ. ಬೆಳಿಗ್ಗೆ ಎದ್ದು ಓದ. ನನ್ನ ಮಾತಿಗೆ ಅವತ್ತು ಇಳಿಯದೆ ಅಟ ಮಾಡಿ ತುಳ್ದ, ಅದಕ್ಕೇ ತೂರಾಡ್ದ ಅಂತ ನಾನು ಇಷ್ಟು ವರ್ಸ..." ಅಲ್ಲಿಗೆ ನಿಂತಿತು.

"ಇಳಿದಿದ್ದನಲ್ಲ ಮಾವ. ನಿಮ್ಮ ಮಾತಿನಿಂದ ಏನೂ ಆಗಲಿಲ್ಲ," ಎಂದೆ ನಾನು. ಬಹಳ ದೊಡ್ಡ ಸಮಾಧಾನ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

"ಆಗ್ಲಿಲ್ವಾ?" ಎಂದರು. "ಪ್ರಾಣ ಓಗೋವಾಗ ನೀರು ಕೇಳ್ಲಿಲ್ಲ. ಅಮ್ಮ ಅನ್ಲಿಲ್ಲ. ಅಣ್ಣಂಗೆ ಗೊತ್ತಾಗ್ಬಾರ್ದು ಅಂದ."

ಮುದುಕರಿಗೆ ಕನ್ನಡ ತಿಳಿಯದು; ಆದರೂ ಏನೋ ತಿಳಿದವರ ಹಾಗೆ ಅಳುತ್ತಿದ್ದರು. ಸ್ಟೇಷನ್ನಿಗೆ ಹೋಗೋಣ ಎಂದು ಮತ್ತೆ ಅಂದರು. ಮಾವ ಬೇಡ ಎಂದು ಕೈ ಆಡಿಸಿದರು. "ಅಲ್ಲಿ ಎಲ್ಲ ಬರ್ಕೊಳ್ತಾರೆ. ಅವ್ನ ಮಾತು ಅದ್ರಲ್ಲಿ ಬರಲ್ಲ," ಎಂದು ನನಗೆ ಹೇಳಿ, ಮುದುಕರಿಗೆ ಮುಕ್ಕಾಲಿ ಎಳೆದು ಹಾಕಿದರು. ಮುಂದಿನ ಮನೆಯಿಂದ ಟೀ ತರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಡಿದರು. ಹೊರಡುವಾಗ ಮಾವ, "ಮತ್ತೆ ಬನ್ನಿ," ಎಂದರು. ಮುದುಕರು ತಲೆಯಾಡಿಸಿದರು.

ಬಂದರು. ಪ್ರತಿ ತಿಂಗಳೂ ಬಂದರು. ಕ್ಷಯ ವಾಸಿಯಾದ ಮೇಲೂ ಬರುತ್ತಿದ್ದರು. ಬೀದಿಯವರು ಇಬ್ಬರೂ ಹಳೆಯ ಸ್ನೇಹಿತರು ಎಂದೇ ತಿಳಿದಿದ್ದರು. ನಾನು ಎರಡು ಮೂರು ಸಲ ಅಲ್ಲಿದ್ದಾಗ ನೋಡಿದ್ದೇನೆ. ಮಾತು ಕಡಿಮೆ. ಮಾವ ಕೆಲಸ ಮಾಡುತ್ತಿರುತ್ತಾರೆ, ಮುದುಕರು ಮುಕ್ಕಾಲಿಯ ಮೇಲೆ. ಯಾವಾಗಲೋ ಒಮ್ಮೆ ಮಾವ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, "ಹೇಳಿ," ಎನ್ನುತ್ತಾರೆ. ಮುದುಕರು ಕಣ್ಣು ಮುಚ್ಚುತ್ತಾರೆ. ಆ ಮಾತನ್ನು ಹೇಳುತ್ತಾರೆ. ಮಾವ ಕೇಳಿಸಿಕೊಂಡು ಮತ್ತೆ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ತಮಿಳು ಬಿಟ್ಟು ಬೇರೆ ಬಾರದ ಒಬ್ಬ ಮುದುಕರ ಗಂಟಲಲ್ಲಿ, ಎಂದೋ ಸತ್ತ ಹುಡುಗನೊಬ್ಬನ ಕನ್ನಡ ಬದುಕಿತ್ತು. ಅದನ್ನು ಕೇಳುವುದಕ್ಕೆ ಅವನ ಅಣ್ಣ ತಿಂಗಳಿಡೀ ಕಾಯುತ್ತಿದ್ದರು.

ಗೇರು ಆರಿಸುವ ಕೆಲಸವನ್ನು ಅವರು ಆ ಹೊತ್ತಿಗೆ ಬಿಟ್ಟಿದ್ದರು. ಪಂಕ್ಚರ್ ಹಾಕುತ್ತಿದ್ದರು, ಕಡ್ಡಿ ಕಟ್ಟುತ್ತಿದ್ದರು. ಏರಿಗೆ ಏನು ಹಾಕಲಿ ಎಂದು ಕೇಳಿದವರಿಗೆ, "ನಿಂಗೆ ಯಾವುದು ಇಷ್ಟಾನೋ ಅದು," ಎನ್ನುತ್ತಿದ್ದರು. ಮಾವನ ಹೆಂಡತಿ ಒಮ್ಮೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ನೀನು ಆವಯ್ಯನ್ನ ಕರ್ಕೊಂಡ್ ಬರ್ಬಾರ್ದಿತ್ತು ಕಣಮ್ಮ," ಎಂದರು. ಆಮೇಲೆ, "ಇಷ್ಟು ವರ್ಸದಲ್ಲಿ ಒಂದ್ಸಲಾನೂ ಅತ್ತಿರ್ಲಿಲ್ಲ. ಈಗ ಅಳ್ತಾರೆ. ಅದೊಂದು ಆಯ್ತು," ಎಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಯಾವುದನ್ನು ಹಿಡಿದುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ.

ಒಂದು ಚಳಿಗಾಲ ಮುದುಕರು ಮಗಳ ಮನೆಯಲ್ಲಿ ತೀರಿಕೊಂಡರು. ಬೆಳಗ್ಗೆ ಎದ್ದು ಮುಖ ತೊಳೆಯುತ್ತಿದ್ದವರು ಹಾಗೇ ಕುಸಿದರಂತೆ. ನಾನೇ ಹೋಗಿ ನಾಡಿ ನೋಡಿದೆ. ಮಾವನಿಗೆ ಒಂದು ಕಾರ್ಡು ಬರೆದು ಹಾಕಿದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಉಪಕೇಂದ್ರದ ಮುಂದೆ ಸೈಕಲ್ ನಿಂತ ಸದ್ದಾಯಿತು. ಮಾವ. ಸೇಲಂನಿಂದ ಕಣಿವೆ ಹತ್ತಿ ಇಳಿದು ಒಬ್ಬರೇ ಬಂದಿದ್ದರು. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಔಷಧಿಗೆ ಬಂದಿದ್ದ ಇಬ್ಬರು ಹೆಂಗಸರು ಹೋಗುವವರೆಗೂ ಕಾದರು.

"ನೀನು ಮದ್ಲು ಕೇಳ್ದೋಳು," ಎಂದರು. "ಆವಯ್ಯ ಎಂಗೆ ಯೋಳ್ತಿದ್ದ ಅಂತ ನೆನಪೈತಾ?"

"ಇದೆ ಮಾವ."

"ಯೋಳು."

ನಾನು ಬಾಗಿಲು ಮುಂದಕ್ಕೆ ಎಳೆದೆ. ಕಣ್ಣು ಮುಚ್ಚಿಕೊಂಡೆ. ಆ ಉಸಿರನ್ನು, ಆ ತಡವರಿಕೆಯನ್ನು ನೆನಪಿಸಿಕೊಂಡು, ಆದಷ್ಟು ಹಾಗೆಯೇ ಹೇಳಿದೆ. ಅಣ್ಣಂಗೆ ಯೋಳ್ಬ್ಯಾಡಿ. ಇಳ್ದೆ ಅಂತ ಯೋಳ್ಬ್ಯಾಡಿ.

ಕಣ್ಣು ತೆರೆದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ," ಎಂದರು. ಹೇಳಿದೆ. ಅವರು ತಲೆ ಓರೆ ಮಾಡಿ, ದೂರದಿಂದ ಬರುವ ಗಾಡಿಯ ಸದ್ದು ಕೇಳುವವರ ಹಾಗೆ ಕೇಳಿದರು. ಮೂರನೆಯ ಸಲವೂ ಹೇಳಿದೆ.

"ಇಲ್ಲಮ್ಮಣ್ಣಿ," ಎಂದರು ಮೆಲ್ಲಗೆ. "ಅಂಗಲ್ಲ. ಇದು ನಿನ್ನ ದನಿ."

ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದರು. ನಾನು ಬಾಗಿಲಿಗೆ ಬಂದು ನಿಂತೆ. ಅವರು ಹತ್ತಿಕೊಂಡು, ಹಿಂತಿರುಗಿ ನೋಡದೆ, ಕಣಿವೆಯ ಕಡೆ ತಿರುಗಿದರು. ನಾನು ಅವರನ್ನು ಮತ್ತೆ ನೋಡಲಿಲ್ಲ.